ಸುಮ್ಮನೆ ನಿಂತ ಸ್ಥಾವರಕ್ಕೆ ಸಂಬಳ ಯಾರು ಕೊಡಬೇಕು?

ಚಿಕ್ಕಬಾಣಾವರದಲ್ಲಿ ಕರೆಂಟ್ ಹೋದರೆ ಅದು ಮೊದಲು ಗೊತ್ತಾಗೋದು ಕಿವಿಗೆ. ಹೆಸರಘಟ್ಟ ರಸ್ತೆಯ ಆ ಕಡೆ ಈ ಕಡೆ ಒಂದೊಂದಾಗಿ ಡೀಸೆಲ್ ಜನರೇಟರ್‌ಗಳು ಕೆಮ್ಮೋಕೆ ಶುರು ಮಾಡುತ್ತವೆ. ಮೊದಲು ದೊಡ್ಡ ಅಪಾರ್ಟ್‌ಮೆಂಟ್, ಆಮೇಲೆ ಕಾಲೇಜು, ಆಮೇಲೆ ದುಬಾರಿ ಪಿಜಿಗಳು. ನಮ್ಮಂಥ ಪಿಜಿಗಳಲ್ಲಿ ಯುಪಿಎಸ್ ಇರುತ್ತೆ, ಅದು ಎರಡು ಬಲ್ಬಿಗೂ ವೈಫೈಗೂ ಸಾಕು, ಫ್ಯಾನಿಗೆ ಸಾಲದು. ಹಿಂದಿನ ಬೀದಿಯ ಶೀಟಿನ ಮನೆಗಳಲ್ಲಿ ಏನೂ ಇಲ್ಲ, ಬಾಗಿಲು ತೆಗೆದು ಹೊರಗೆ ಕೂರುತ್ತಾರೆ. ಯಾರ ಹತ್ತಿರ ಎಷ್ಟು ದುಡ್ಡಿದೆ ಅನ್ನೋದು ಆ ಐದು ನಿಮಿಷದಲ್ಲಿ ಇಡೀ ಬಡಾವಣೆಗೆ ಕೇಳಿಸಿಬಿಡುತ್ತೆ.

ಹೀಗೆ ಹೋಗೋ ಕರೆಂಟೆಲ್ಲ ರಾಜ್ಯದಲ್ಲಿ ವಿದ್ಯುತ್ ಕಮ್ಮಿ ಅಂತ ಹೋಗೋದಲ್ಲ. ಬಹಳ ಸಲ ತಂತಿ ಮೇಲೆ ಕೊಂಬೆ ಬಿದ್ದಿರುತ್ತೆ, ಕೇಬಲ್ ಸುಟ್ಟಿರುತ್ತೆ, ಟ್ರಾನ್ಸ್‌ಫಾರ್ಮರ್ ಮೇಲೆ ಲೋಡ್ ಜಾಸ್ತಿ ಆಗಿರುತ್ತೆ. ನಾವು ನಾಲ್ವರೂ ಇಇಇ ಏಳನೇ ಸೆಮಿಸ್ಟರ್‌ನವರು, ಅಷ್ಟು ವ್ಯತ್ಯಾಸ ಹೇಳದಿದ್ದರೆ ಡಿಪಾರ್ಟ್‌ಮೆಂಟಿಗೆ ಅವಮಾನ. ಈ ಬರಹ ಕೊಂಬೆಯ ಬಗ್ಗೆ ಅಲ್ಲ. ತಂತಿ ಸರಿಯಿದ್ದು, ಟ್ರಾನ್ಸ್‌ಫಾರ್ಮರ್ ಸರಿಯಿದ್ದು, ಕಳಿಸೋಕೆ ಕರೆಂಟೇ ಇಲ್ಲದ ದಿನಗಳ ಬಗ್ಗೆ.

ಅಂಥ ದಿನಗಳು 2023ರಲ್ಲಿ ಬಂದವು. ನಾವಾಗ ಕಾಲೇಜಿಗೆ ಹೊಸಬರು. ಮುಂಗಾರು ಕೈಕೊಟ್ಟಿತ್ತು. ಆಗಸ್ಟ್ ತಿಂಗಳು ಒಣಗಿಹೋಯಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ಮಳೆ ಇಲ್ಲದಿದ್ದರೆ ಎರಡು ಪೆಟ್ಟು ಒಟ್ಟಿಗೆ ಬೀಳುತ್ತವೆ. ಲಿಂಗನಮಕ್ಕಿಯಂಥ ಜಲಾಶಯಕ್ಕೆ ನೀರು ಬರಲ್ಲ, ಅದೇ ಹೊತ್ತಿಗೆ ಹೊಲ ಒಣಗಿದ ರೈತ ಪಂಪ್‌ಸೆಟ್ ಹಾಕ್ತಾನೆ. ಕೊಡುವ ಕೈ ಬರಿದಾದಾಗಲೇ ಕೇಳುವ ಕೈ ಹೆಚ್ಚಾಗುತ್ತೆ. ಏಳು ಗಂಟೆ ತ್ರೀ ಫೇಸ್ ಕೊಡ್ತೀವಿ ಅಂದಿದ್ದು ಐದಕ್ಕೆ ಇಳಿದು, ರೈತರು ಬೀದಿಗೆ ಬಂದರು. ಸರ್ಕಾರ ವಿದ್ಯುತ್ ಕಾಯ್ದೆಯ ಸೆಕ್ಷನ್ 11 ಹೊರಗೆ ತೆಗೆದು, ರಾಜ್ಯದೊಳಗಿನ ಖಾಸಗಿ ಉತ್ಪಾದಕರೆಲ್ಲ ಇಲ್ಲಿಗೇ ವಿದ್ಯುತ್ ಕೊಡಬೇಕು ಅಂತ ಆದೇಶ ಮಾಡಿತು. ಸಾಲದ್ದಕ್ಕೆ ಉತ್ತರ ಪ್ರದೇಶ, ಪಂಜಾಬ್‌ನಿಂದ ಕರೆಂಟನ್ನೇ ಕೈಗಡ ತಂದೆವು. ಈಗ ಕೊಡಿ, ಮುಂದಿನ ಮಳೆಗಾಲದಲ್ಲಿ ಯೂನಿಟ್ ಲೆಕ್ಕದಲ್ಲೇ ವಾಪಸ್ ಕೊಡ್ತೀವಿ ಅನ್ನೋ ಒಪ್ಪಂದ. ಪಕ್ಕದ ಮನೆಯಿಂದ ಸಕ್ಕರೆ ತಂದ ಹಾಗೆ.

ಪವರ್ ಸಿಸ್ಟಮ್ಸ್ ಕ್ಲಾಸಿನಲ್ಲಿ ನಮ್ಮ ಸರ್ ಬೋರ್ಡಿನ ಮೇಲೆ ಎರಡೇ ಎರಡು ಸಂಖ್ಯೆ ಬರೆದರು. ಕರ್ನಾಟಕದ ಸ್ಥಾಪಿತ ಸಾಮರ್ಥ್ಯ 30 ಸಾವಿರ ಮೆಗಾವ್ಯಾಟ್‌ಗಿಂತ ಹೆಚ್ಚು. 2024ರ ಬೇಸಿಗೆಯ ಗರಿಷ್ಠ ಬೇಡಿಕೆ 17 ಸಾವಿರ ಮೆಗಾವ್ಯಾಟ್ ಚಿಲ್ಲರೆ. "ಮೂವತ್ತು ಇಟ್ಕೊಂಡು ಹದಿನೇಳು ಕೊಡೋಕೆ ಯಾಕ್ರಪ್ಪ ಒದ್ದಾಡ್ತೀವಿ?" ಅಂತ ಕೇಳಿ ಡಸ್ಟರ್ ಕೆಳಗಿಟ್ಟರು. ಹಿಂದಿನ ಬೆಂಚಿನಿಂದ ಒಬ್ಬ, "ಅಟೆಂಡೆನ್ಸ್ ಸರ್" ಅಂದ. ಎಲ್ಲರೂ ನಕ್ಕರು. ಸರ್ ಮಾತ್ರ ನಗಲಿಲ್ಲ, "ಅದೇ ಉತ್ತರ" ಅಂದರು.

ಅದೇ ಉತ್ತರ ಹೌದು. ಹಾಜರಿ ಪುಸ್ತಕದಲ್ಲಿ ಅರವತ್ತು ಹೆಸರಿದ್ದ ಮಾತ್ರಕ್ಕೆ ಕ್ಲಾಸಿನಲ್ಲಿ ಅರವತ್ತು ಜನ ಕೂತಿರಲ್ಲ. ಆ ಮೂವತ್ತು ಸಾವಿರದಲ್ಲಿ ಅರ್ಧಕ್ಕಿಂತ ಹೆಚ್ಚು ಬಿಸಿಲು, ಗಾಳಿ, ನೀರನ್ನು ನಂಬಿದ್ದು. ಪಾವಗಡದ ಸೋಲಾರ್ ಪಾರ್ಕ್ ಒಂದೇ 2,050 ಮೆಗಾವ್ಯಾಟ್. ಮಧ್ಯಾಹ್ನ ಹನ್ನೆರಡಕ್ಕೆ ಅದು ಫಸ್ಟ್ ಬೆಂಚಿನಲ್ಲಿ ಕೂತಿರುತ್ತೆ, ಸಂಜೆ ಏಳಕ್ಕೆ ಕರೆದರೆ ಸೊನ್ನೆ. ಗಾಳಿಗಿರಣಿಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋರು, ಮಾರ್ಚ್‌ನಲ್ಲಿ ತೂಕಡಿಕೆ. ಇದನ್ನು ದೂರು ಅಂತ ಬರೆಯುತ್ತಿಲ್ಲ. ಸೋಲಾರ್ ಇಲ್ಲದಿದ್ದರೆ 2023ರಲ್ಲಿ ಹಗಲಿನ ಪಂಪ್‌ಸೆಟ್ಟುಗಳೂ ನಿಲ್ಲುತ್ತಿದ್ದವು. ಆದರೆ 'ಇದೆ' ಅನ್ನೋದಕ್ಕೂ 'ಕರೆದಾಗ ಬರುತ್ತೆ' ಅನ್ನೋದಕ್ಕೂ ನಡುವೆ ಇರೋ ಅಂತರವನ್ನು ತುಂಬೋಕೆ ಬೇರೆಯೇ ಒಂದು ಸ್ಥಾವರ ಬೇಕು, ಅದಕ್ಕೆ ಬೇರೆಯೇ ದುಡ್ಡು ಬೇಕು. ಆ ದುಡ್ಡು ಯಾರದ್ದು ಅನ್ನೋದೇ ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್.

ಈ ಪ್ರಶ್ನೆ ಹೊಸದಲ್ಲ ಅಂತ ಲೈಬ್ರರಿಯಲ್ಲಿ ಕೂತಾಗ ಗೊತ್ತಾಯಿತು, ಅದೂ ನಮ್ಮ ಊರಿನಿಂದಲೇ. 1890ರ ದಶಕದಲ್ಲಿ ಹೆಸರಘಟ್ಟದ ಕೆರೆಯಿಂದ ಬೆಂಗಳೂರಿಗೆ ನೀರು ತಂದಾಗ, ಪಕ್ಕದ ಸೋಲದೇವನಹಳ್ಳಿಯವರೆಗೆ ನೀರು ತಾನಾಗೇ ಹರಿದು ಬರುತ್ತಿತ್ತು. ಅಲ್ಲಿಂದ ಮಲ್ಲೇಶ್ವರದ ಕಡೆಗೆ ಎತ್ತಿ ಕಳಿಸೋಕೆ ಉಗಿ ಯಂತ್ರದ ಪಂಪು. ಆಗಿನ್ನೂ ಬೆಂಗಳೂರಿಗೆ ವಿದ್ಯುತ್ ಬಂದಿರಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಹೊರಟಿದ್ದು ಕೋಲಾರದ ಚಿನ್ನದ ಗಣಿಗೆ; ಬೆಂಗಳೂರಿನ ಬೀದಿ ದೀಪ ಹತ್ತಿದ್ದು 1905ರಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಆ ಯೋಜನೆಗೆ ದುಡ್ಡು ಹಾಕಿದ್ದು ಮೈಸೂರು ಸರ್ಕಾರ. ಆದರೆ ಕುರುಡಾಗಿ ಹಾಕಲಿಲ್ಲ. ಗಣಿ ಕಂಪನಿಗಳು ಇಷ್ಟು ವರ್ಷ, ಇಷ್ಟು ದರಕ್ಕೆ ಕೊಳ್ತೀವಿ ಅಂತ ಮೊದಲೇ ಸಹಿ ಹಾಕಿದ್ದವು. ಇವತ್ತು ಪಿಪಿಎ, ಪಿಪಿಎ ಅಂತ ನಾವು ಸೆಮಿನಾರ್ ಕೊಡ್ತೀವಲ್ಲ, ಅದು ಅವತ್ತೇ ಇತ್ತು.

ನಮಗೆ ಇನ್ನೂ ಹಿಡಿಸಿದ್ದು ಮುಂದಿನ ಕಥೆ. ಶಿವನಸಮುದ್ರದಲ್ಲಿ ಯಂತ್ರಗಳಿದ್ದವು, ತಂತಿ ಇತ್ತು, ಕೊಳ್ಳುವವರೂ ಇದ್ದರು. ಬೇಸಿಗೆಯಲ್ಲಿ ಕಾವೇರಿ ಸೊರಗಿದಾಗ ಮಾತ್ರ ಕೊಟ್ಟ ಮಾತು ಉಳಿಸಿಕೊಳ್ಳೋದು ಕಷ್ಟ. ಕನ್ನಂಬಾಡಿ ಕಟ್ಟೆ ಅಂದರೆ ನಮಗೆಲ್ಲ ಮಂಡ್ಯದ ಗದ್ದೆ, ಕಬ್ಬು ನೆನಪಾಗುತ್ತೆ. ಆದರೆ ಶಿವನಸಮುದ್ರಕ್ಕೆ ವರ್ಷವಿಡೀ ಒಂದೇ ಸಮ ನೀರು ಸಿಗಲಿ, ಗಣಿಗೆ ಕರೆಂಟ್ ತಪ್ಪದಿರಲಿ ಅನ್ನೋದೂ ಅದನ್ನು ಕಟ್ಟಲು ದೊಡ್ಡ ಕಾರಣವಾಗಿತ್ತು. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರ್ ಆಗಿದ್ದಾಗ ಹಣಕಾಸಿನವರು ಅಷ್ಟು ಖರ್ಚಿಗೆ ಹಿಂದೇಟು ಹಾಕಿದರು. ಕೊನೆಗೆ 1911ರಲ್ಲಿ ಮಹಾರಾಜರು ಒಪ್ಪಿಗೆ ಕೊಟ್ಟು, ಮೊದಲಿಗೆ 81 ಲಕ್ಷ ರೂಪಾಯಿ ತೆಗೆದಿಟ್ಟರು. ಅಂದರೆ ಆ ದುಡ್ಡಿನ ಒಂದು ಪಾಲು ಹೋಗಿದ್ದು ಹೊಸ ಜನರೇಟರ್‌ಗಲ್ಲ, ಇರುವ ಜನರೇಟರ್ ಏಪ್ರಿಲ್‌ನಲ್ಲೂ ತಿರುಗಲಿ ಅಂತ. ಭರವಸೆಗೆ ಬೆಲೆ ಕಟ್ಟಿ ಕೊಂಡ ಹಾಗೆ.

ಅಲ್ಲಿಂದ ಮುಂದೆ ಶರಾವತಿ ಬಂತು, ಹತ್ತು ಯಂತ್ರ ಸೇರಿ 1,035 ಮೆಗಾವ್ಯಾಟ್. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾಗುವವರೆಗೂ ರಾಜ್ಯ ಹೆಚ್ಚುಕಮ್ಮಿ ಪೂರ್ತಿ ನೀರನ್ನೇ ನಂಬಿಕೊಂಡಿತ್ತು. ಮಳೆ ಹೋದರೆ ಕರೆಂಟೂ ಹೋಗೋದು. ಆ ಕಾಲದ ಪವರ್ ಕಟ್ ಬಗ್ಗೆ ನಮ್ಮ ಮನೆಗಳಲ್ಲಿ ದೊಡ್ಡವರು ಇವತ್ತಿಗೂ ಹೇಳ್ತಾರೆ, ಬುಡ್ಡಿ ದೀಪದಲ್ಲಿ ಓದಿದೆವು ಅಂತ ನಮ್ಮನ್ನು ಚುಚ್ಚೋಕೆ.

ಈಗ ಯಲಹಂಕಕ್ಕೆ ಬರೋಣ. ನಮ್ಮಿಂದ ಹೆಚ್ಚು ದೂರವಿಲ್ಲ. ಅಲ್ಲಿ 1990ರ ದಶಕದಿಂದ ಕರ್ನಾಟಕ ವಿದ್ಯುತ್ ನಿಗಮದ ಆರು ಡೀಸೆಲ್ ಎಂಜಿನ್‌ಗಳ ಸ್ಥಾವರ ಇತ್ತು. ಅಂದರೆ ನಮ್ಮ ಬೀದಿಯ ಜನರೇಟರ್‌ಗಳ ಅಜ್ಜ. ಡೀಸೆಲ್ ದರ ಏರಿದಂತೆ ಅದರ ಕರೆಂಟ್ ಕೊಳ್ಳೋಕಾಗದಷ್ಟು ದುಬಾರಿಯಾಗಿ ಕೊನೆಗೆ ನಿಂತಿತು. ಅದೇ ಆವರಣದಲ್ಲಿ ಗ್ಯಾಸ್‌ನಿಂದ ನಡೆಯೋ 370 ಮೆಗಾವ್ಯಾಟ್ ಸ್ಥಾವರ ಕಟ್ಟೋ ಗುತ್ತಿಗೆ 2015ರಲ್ಲಿ ಬಿಎಚ್‌ಇಎಲ್‌ಗೆ ಹೋಯಿತು. ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿಗೆ ಬರೋ ಗೇಲ್ ಪೈಪ್‌ಲೈನಿನ ಗ್ಯಾಸ್. ಕಂಬೈನ್ಡ್ ಸೈಕಲ್ ಅಂದರೆ ಒಂದೇ ಬೆಂಕಿಯಲ್ಲಿ ಎರಡು ಅಡುಗೆ. ಮೊದಲು ಗ್ಯಾಸ್ ಉರಿದು ಒಂದು ಟರ್ಬೈನ್ ತಿರುಗಿಸುತ್ತೆ, ಹೊರಬರೋ ಬಿಸಿ ಹೊಗೆಯಿಂದ ನೀರು ಕಾಯಿಸಿ ಉಗಿ ಮಾಡಿ ಇನ್ನೊಂದು ಟರ್ಬೈನ್ ತಿರುಗಿಸುತ್ತಾರೆ. ಕಲ್ಲಿದ್ದಲ ಬಾಯ್ಲರ್ ತಣ್ಣಗಿದ್ದರೆ ಅದನ್ನು ಎಬ್ಬಿಸೋಕೆ ಹಲವು ಗಂಟೆ ಬೇಕು. ಗ್ಯಾಸ್ ಟರ್ಬೈನ್ ಬೇಗ ಏಳುತ್ತೆ. ಸೂರ್ಯ ಮುಳುಗಿದ ಮೇಲಿನ ಆ ಮೂರು ನಾಲ್ಕು ಗಂಟೆಗೆ ಹೇಳಿ ಮಾಡಿಸಿದ ಯಂತ್ರ, ಅದೂ ಬೇಡಿಕೆ ಇರೋ ಊರಿನೊಳಗೇ.

ಕಟ್ಟೋದು ಮಾತ್ರ ಸಲೀಸಾಗಲಿಲ್ಲ. 2020ರ ಅಕ್ಟೋಬರ್ 2ರ ಬೆಳಗಿನ ಜಾವ, ಪರೀಕ್ಷೆ ನಡೀತಿದ್ದಾಗ ಬೆಂಕಿ ಹತ್ತಿಕೊಂಡು 15 ಜನ ಎಂಜಿನಿಯರ್‌ಗಳು, ಸಿಬ್ಬಂದಿ ಸುಟ್ಟ ಗಾಯಗಳಿಂದ ಆಸ್ಪತ್ರೆ ಸೇರಿದರು. ಅವರಲ್ಲಿ ಎಲ್ಲರೂ ಮನೆಗೆ ವಾಪಸ್ ಬರಲಿಲ್ಲ. ನಾವು ಮೂರು ವರ್ಷದಿಂದ ಟರ್ಬೈನ್ ಅಂತ ಚಿತ್ರ ಬಿಡಿಸಿ ಹತ್ತು ಮಾರ್ಕ್ಸ್ ತಗೊಂಡಿದ್ದೀವಿ. ಅದರ ಪಕ್ಕದಲ್ಲಿ ರಾತ್ರಿ ಪಾಳಿಯಲ್ಲಿ ಮನುಷ್ಯರು ನಿಂತಿರ್ತಾರೆ ಅನ್ನೋದು ಯಾವ ಟೆಕ್ಸ್ಟ್‌ಬುಕ್ಕಿನ ಚಿತ್ರದಲ್ಲೂ ಇಲ್ಲ. ಕೊನೆಗೆ 2024ರ ಸೆಪ್ಟೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ಥಾವರ ಉದ್ಘಾಟಿಸಿದರು. ಗುತ್ತಿಗೆಯಿಂದ ಉದ್ಘಾಟನೆಗೆ ಸುಮಾರು ಒಂಬತ್ತು ವರ್ಷ. ಬರ ಬಂದ ವರ್ಷ ಅದು ಇನ್ನೂ ಸಿದ್ಧವಾಗಿರಲಿಲ್ಲ.

ಉದ್ಘಾಟನೆ ಆದ ಮೇಲೆ ಕೇಳಿಬಂದ ಮಾತು, "ಗ್ಯಾಸ್ ಇಷ್ಟು ದುಬಾರಿ, ಇದನ್ನ ಓಡಿಸೋರು ಯಾರು? ಬಿಳಿ ಆನೆ." ಮಾತು ಸುಮ್ಮನೆ ಹುಟ್ಟಿದ್ದಲ್ಲ. 2024ರಲ್ಲಿ ದೇಶದಲ್ಲಿ ಸುಮಾರು 25 ಸಾವಿರ ಮೆಗಾವ್ಯಾಟ್‌ನಷ್ಟು ಗ್ಯಾಸ್ ಸ್ಥಾವರಗಳಿದ್ದವು, ಅದರಲ್ಲಿ ಬಹುಪಾಲು ವರ್ಷದ ಹೆಚ್ಚು ದಿನ ಸುಮ್ಮನೆ ನಿಂತಿರುತ್ತಿದ್ದವು. ಉಕ್ರೇನ್ ಯುದ್ಧ ಶುರುವಾದಾಗ ಹೊರಗಿನ ಗ್ಯಾಸ್ ದರ ಆಕಾಶಕ್ಕೆ ಹೋಯಿತು. ಆದರೆ 2024ರ ಬೇಸಿಗೆಯಲ್ಲಿ ಬೇಡಿಕೆ ಏರಿದಾಗ ಕೇಂದ್ರ ಸರ್ಕಾರ ಅದೇ ಸುಮ್ಮನೆ ನಿಂತ ಗ್ಯಾಸ್ ಸ್ಥಾವರಗಳಿಗೆ ಸೆಕ್ಷನ್ 11ರಡಿ 'ಏಳಿ, ಓಡಿ' ಅಂತ ಆದೇಶ ಕೊಟ್ಟಿತು. ಬಿಳಿ ಆನೆ ಅನ್ನೋರು ಮೇ ತಿಂಗಳಲ್ಲಿ ಅದರ ಬಾಲ ಹಿಡ್ಕೊಂಡೇ ಹೊಳೆ ದಾಟಿದ್ದು.

ಅದಕ್ಕೇ ನಾವು ಒಂದು ಲೆಕ್ಕ ಹಾಕಿದೆವು. ಅಂದಾಜಿನ ಲೆಕ್ಕ, ಯಾವ ಇಲಾಖೆಯ ಕಡತದ್ದೂ ಅಲ್ಲ. 370 ಮೆಗಾವ್ಯಾಟ್‌ನ ಒಂದು ಸ್ಥಾವರಕ್ಕೆ 2,000 ಕೋಟಿ ರೂಪಾಯಿ ಬಿತ್ತು ಅಂತ ಇಟ್ಟುಕೊಳ್ಳಿ. ಇಂಥ ಯೋಜನೆಗೆ ಸಾಮಾನ್ಯವಾಗಿ ನೂರರಲ್ಲಿ 70 ರೂಪಾಯಿ ಸಾಲ, 30 ರೂಪಾಯಿ ಸ್ವಂತ ಬಂಡವಾಳ. ಸಾಲ ಕೊಡೋದು ಆರ್‌ಇಸಿ, ಪಿಎಫ್‌ಸಿ ಥರದ ಕೇಂದ್ರದ ಸಂಸ್ಥೆಗಳು ಅಥವಾ ಬ್ಯಾಂಕು. ಬಡ್ಡಿ, ಸವಕಳಿ, ದುರಸ್ತಿ, ಸಂಬಳ ಎಲ್ಲ ಸೇರಿ ವರ್ಷಕ್ಕೆ ನೂರಕ್ಕೆ 15 ಅಂತ ಹಿಡಿದರೆ 300 ಕೋಟಿ. ಒಂದು ಯೂನಿಟ್ ಮಾಡಲಿ, ಮಾಡದಿರಲಿ, ಈ 300 ಕೋಟಿ ಖರ್ಚು ತಪ್ಪಲ್ಲ. ಇದಕ್ಕೆ ಫಿಕ್ಸೆಡ್ ಚಾರ್ಜ್ ಅಂತಾರೆ, ಗ್ಯಾಸಿನ ಖರ್ಚು ಬೇರೆ.

ಸ್ಥಾವರ ವರ್ಷವಿಡೀ ನೂರಕ್ಕೆ 85ರಷ್ಟು ಓಡಿದರೆ ಸುಮಾರು 275 ಕೋಟಿ ಯೂನಿಟ್ ಬರುತ್ತೆ, ಯೂನಿಟ್‌ಗೆ ಒಂದು ರೂಪಾಯಿ ಒಂಬತ್ತು ಪೈಸೆ. ಪರವಾಗಿಲ್ಲ. ಕಷ್ಟದ ದಿನಗಳಲ್ಲಿ ಮಾತ್ರ, ವರ್ಷಕ್ಕೆ 1,000 ಗಂಟೆ ಓಡಿಸಿದರೆ 37 ಕೋಟಿ ಯೂನಿಟ್, ಒಂದೊಂದಕ್ಕೆ ಎಂಟು ರೂಪಾಯಿ ಮೇಲೆ. ಗ್ಯಾಸ್ ಸೇರಿಸಿದರೆ ಯಾರೂ ಮುಟ್ಟಲ್ಲ. ಯಾವ ಖಾಸಗಿ ಕಂಪನಿಯೂ ಇಂಥ ಸ್ಥಾವರವನ್ನು ಬರೀ ಮಾರಾಟ ನಂಬಿ ಕಟ್ಟಲ್ಲ, ಕಟ್ಟಿದರೆ ಅವರ ಫೈನಾನ್ಸ್ ಮ್ಯಾನೇಜರ್ ಕೆಲಸ ಹೋಗುತ್ತೆ.

ಈಗ ಅದೇ 300 ಕೋಟಿಯನ್ನು ಇನ್ನೊಂದು ಕಡೆಯಿಂದ ಭಾಗಿಸಿ. ರಾಜ್ಯ ಇಡೀ ವರ್ಷಕ್ಕೆ ಬಳಸೋದು ಸುಮಾರು 8,000 ಕೋಟಿ ಯೂನಿಟ್ ಅಂತ ಹಿಡಿದರೆ, ಯೂನಿಟ್‌ಗೆ ನಾಲ್ಕು ಪೈಸೆಗೂ ಕಡಿಮೆ. ಸ್ಥಾವರ ಒಂದೇ, ದುಡ್ಡೂ ಅಷ್ಟೇ. ಓಡಿದ ಯೂನಿಟ್‌ನಿಂದ ಭಾಗಿಸಿದರೆ ಬಿಳಿ ಆನೆ, ಅದು ಕಾಯುತ್ತಿರೋ ಯೂನಿಟ್‌ಗಳಿಂದ ಭಾಗಿಸಿದರೆ ನಾಲ್ಕು ಪೈಸೆಯ ಕಾವಲುಗಾರ. ಅಪಾರ್ಟ್‌ಮೆಂಟ್ ವಾಚ್‌ಮನ್‌ಗೆ 'ಈ ತಿಂಗಳು ಕಳ್ಳ ಬರಲೇ ಇಲ್ಲ, ಸಂಬಳ ಯಾಕೆ' ಅಂತ ಯಾರೂ ಕೇಳಲ್ಲ ತಾನೆ?

ಈ ಲೆಕ್ಕ ತಗೊಂಡು ನಾವು ಹೋಗಿದ್ದು ಪೀಣ್ಯಕ್ಕೆ. ನಮ್ಮಲ್ಲೊಬ್ಬನ ಅಪ್ಪ ಅಲ್ಲಿ ಸಣ್ಣ ಶೆಡ್ ಇಟ್ಟುಕೊಂಡು ಜಾಬ್ ವರ್ಕ್ ಮಾಡ್ತಾರೆ. ಎರಡು ಸಿಎನ್‌ಸಿ ಲೇತ್, ಐದು ಜನ ಕೆಲಸಗಾರರು. ಕಟ್ಟಿಂಗ್ ನಡುವೆ ಕರೆಂಟ್ ಹೋದರೆ ಇನ್ಸರ್ಟ್ ಮುರಿಯುತ್ತೆ, ಮೆಷಿನ್ ಮೇಲಿದ್ದ ಪೀಸ್ ರಿಜೆಕ್ಟ್, ಕರೆಂಟ್ ಬಂದ ಮೇಲೆ ಮತ್ತೆ ಮೊದಲಿಂದ ಸೆಟ್ಟಿಂಗ್. ಅಂಕಲ್ ನಮ್ಮ ಹಾಳೆ ನೋಡಿ, ಕನ್ನಡಕ ಮೇಲೆತ್ತಿ, ಕ್ಯಾಲ್ಕುಲೇಟರ್ ತಗೊಂಡರು. "ನನ್ನ ಡಿಜಿಲಿ ಒಂದು ಲೀಟರ್ ಡೀಸೆಲ್‌ಗೆ ಮೂರು, ಮೂರೂವರೆ ಯೂನಿಟ್ ಬಂದ್ರೆ ಹೆಚ್ಚು. ಅಂದ್ರೆ ಇಪ್ಪತ್ತೈದರಿಂದ ಮೂವತ್ತು ರೂಪಾಯಿ ಯೂನಿಟ್‌ಗೆ. ಅದೂ ನನ್ನ ಹತ್ರ ಡಿಜಿ ಇರೋದ್ರಿಂದ. ಪಕ್ಕದ ಶೆಡ್‌ನೋನಿಗೆ ಅದೂ ಇಲ್ಲ, ಹುಡುಗ್ರನ್ನ ಮನೆಗೆ ಕಳಿಸ್ತಾನೆ, ಅವತ್ತಿನ ಕೂಲಿ ಅರ್ಧ." ಸ್ವಲ್ಪ ಹೊತ್ತು ಬಿಟ್ಟು, "ನಾಲ್ಕು ಪೈಸೆ ಅಲ್ಲ, ನಲವತ್ತು ಪೈಸೆ ತಗೊಳ್ಳಿ. ಆದ್ರೆ ಒಂಬತ್ತು ವರ್ಷ ಕಾಯಿಸ್ಬೇಡಿ" ಅಂದರು. ನಾವೇ ಸರ್ಕಾರ ಅನ್ನೋ ಹಾಗೆ.

ಅವರ ಮಾತಿನಲ್ಲಿ ನಮ್ಮ ಪ್ರಾಜೆಕ್ಟಿನ ಅರ್ಧ ವರದಿ ಇದೆ. ಸರ್ಕಾರ ದುಡ್ಡು ಹಾಕದಿದ್ದರೆ ಖರ್ಚು ಉಳಿಯಿತು ಅಂತ ಅಲ್ಲ. ಆ ಖರ್ಚು ಹರಿದು ಹಂಚಿ ಬೀದಿ ಬೀದಿಯ ಡೀಸೆಲ್ ಟ್ಯಾಂಕ್ ಸೇರುತ್ತೆ, ಕೊಡೋಕಾಗದವನ ಅರ್ಧ ದಿನದ ಕೂಲಿಯಿಂದ ಕಳೆಯುತ್ತೆ. ಬಜೆಟ್ ಪುಸ್ತಕದಲ್ಲಿ ಕಾಣಲ್ಲ ಅಷ್ಟೆ. ಗೃಹಜ್ಯೋತಿಯ 200 ಯೂನಿಟ್‌ಗೆ, ಪಂಪ್‌ಸೆಟ್‌ಗೆ ಸರ್ಕಾರ ಕಟ್ಟೋ ಸಬ್ಸಿಡಿ ಬೇಡ ಅನ್ನೋ ಜಾತಿಯವರಲ್ಲ ನಾವು. ನಮ್ಮಲ್ಲಿ ಇಬ್ಬರ ಮನೆ ಬಿಲ್ ಸೊನ್ನೆ ಬರುತ್ತೆ. ಆದರೆ ಬಳಸಿದ ಯೂನಿಟ್‌ಗೆ ದುಡ್ಡು ಕೊಟ್ಟರೆ ಬಿಲ್ಲಿನಲ್ಲಿ ಕಾಣುತ್ತೆ, ಓಟಿನಲ್ಲೂ ಕಾಣುತ್ತೆ. ತಪ್ಪಿಹೋದ ಪವರ್ ಕಟ್‌ಗೆ ಯಾರೂ ಥ್ಯಾಂಕ್ಸ್ ಹೇಳಲ್ಲ.

ಹಾಗಂತ ಎಲ್ಲ ಕಡೆ ಗ್ಯಾಸ್ ಸ್ಥಾವರ ಕಟ್ಟಿ ಅನ್ನೋದು ನಮ್ಮ ವಾದ ಅಲ್ಲ. ಇಂಧನ ಹಡಗಿನಲ್ಲಿ ಬರಬೇಕು, ದರ ನಮ್ಮ ಕೈಲಿಲ್ಲ. ಕಟ್ಟಿರೋ ಯಲಹಂಕವನ್ನು ಚೆನ್ನಾಗಿ ಇಟ್ಟುಕೊಂಡು, ಹೊಸ ದುಡ್ಡನ್ನು ಬ್ಯಾಟರಿಗೆ ಹಾಕೋದು ವಾಸಿ ಅಂತ ನಮ್ಮಲ್ಲಿ ಮೂವರ ಅಭಿಪ್ರಾಯ. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್‌ನಲ್ಲಿ 4,000 ಮೆಗಾವ್ಯಾಟ್ ಅವರ್ ಬ್ಯಾಟರಿ ಯೋಜನೆಗಳಿಗೆ ಬಂಡವಾಳದ ನೂರಕ್ಕೆ 40ರವರೆಗೆ ತಾನು ತುಂಬಿಕೊಡ್ತೀನಿ ಅಂತ ಒಪ್ಪಿತು. ಲಾಭಕ್ಕೆ ಸಾಲದಷ್ಟು ಅಂತರವನ್ನು ಮಾತ್ರ ಸರ್ಕಾರ ತುಂಬೋದು. ಪಾವಗಡದ ಮಧ್ಯಾಹ್ನವನ್ನು ಪೀಣ್ಯದ ಸಂಜೆಗೆ ತರೋಕೆ ಇದು ದಾರಿ. ಮೂರು ದಿನ ಮೋಡ ಕವಿದರೆ, ಒಂದಿಡೀ ಮುಂಗಾರು ಕೈಕೊಟ್ಟರೆ ಮಾತ್ರ ಬ್ಯಾಟರಿ ಸಾಲದು. ಅದು ನಾಲ್ಕು ಗಂಟೆಯ ಗೆಳೆಯ.

ನಾಲ್ಕನೆಯವನು ಸಾಗರದ ಕಡೆಯವನು. ಬ್ಯಾಟರಿ ಬೇಡ, ಪಂಪ್ಡ್ ಸ್ಟೋರೇಜ್ ಇದೆಯಲ್ಲ ಅಂತ ಕ್ಲಾಸಿನಲ್ಲಿ ಯಾರೋ ಅಂದಾಗ ಅವನ ಮುಖ ಬದಲಾಯಿತು. ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟ್‌ನ ಯೋಜನೆ: ಹಗಲು ಅಗ್ಗದ ಸೋಲಾರ್ ಕರೆಂಟಿನಲ್ಲಿ ಗೇರುಸೊಪ್ಪದಿಂದ ತಲಕಳಲೆಗೆ ನೀರು ಎತ್ತೋದು, ಸಂಜೆ ಕೆಳಗೆ ಬಿಟ್ಟು ಕರೆಂಟ್ ತೆಗೆಯೋದು. ಪುಸ್ತಕದಲ್ಲಿ ಬಹಳ ಚೆಂದ. ಎತ್ತೋಕೆ ಹಾಕಿದ ನೂರು ಯೂನಿಟ್‌ನಲ್ಲಿ ಎಪ್ಪತ್ತೈದರಿಂದ ಎಂಬತ್ತು ವಾಪಸ್. ಜಾಗ ಮಾತ್ರ ಸಿಂಗಳೀಕಗಳ ಅಭಯಾರಣ್ಯ. "ಮಗಾ, ನಮ್ ಅಜ್ಜನ ಊರು ಲಿಂಗನಮಕ್ಕಿ ಒಳಗಿದೆ. ಬೇಸಿಗೇಲಿ ನೀರಿಳಿದ್ರೆ ದೇವಸ್ಥಾನದ ಕಟ್ಟೆ ಕಾಣುತ್ತೆ. ಬೆಂಗಳೂರಿಗೆ ದೀಪ ಬಂದು ಅರವತ್ತು ವರ್ಷ ಆಯ್ತು, ನಮ್ ಜಮೀನಿಗೆ ಹಕ್ಕುಪತ್ರ ಬಂದಿಲ್ಲ" ಅಂದ. ನಾಲ್ಕು ಪೈಸೆಯ ನಮ್ಮ ಲೆಕ್ಕದಲ್ಲಿ ಅವನ ಅಜ್ಜನ ಗದ್ದೆ ಎಲ್ಲೂ ಇರಲಿಲ್ಲ, ಯಾವ ಟ್ಯಾರಿಫ್ ಸೂತ್ರದಲ್ಲೂ ಅದಕ್ಕೆ ಅಕ್ಷರ ಕೊಟ್ಟಿಲ್ಲ.

ಅವತ್ತು ರಾತ್ರಿ ಎಕ್ಸೆಲ್ ಶೀಟಿಗೆ ಇನ್ನೊಂದು ಕಾಲಂ ಸೇರಿಸಿದೆವು: 'ಯಾರ ಜಾಗ'. ಯಲಹಂಕದ ಸಾಲಿನಲ್ಲಿ ಹಳೇ ಡೀಸೆಲ್ ಸ್ಥಾವರದ ಆವರಣ, ಪಕ್ಕದಲ್ಲಿ ಹೊಗೆಗೆ ಹೆದರಿ ವಿರೋಧಿಸಿದ್ದ ನಿವಾಸಿಗಳು ಅಂತ ಬರೆದೆವು. ಬ್ಯಾಟರಿ ಸಾಲಿನಲ್ಲಿ ಸಬ್‌ಸ್ಟೇಷನ್ ಪಕ್ಕದ ಖಾಲಿ ಜಾಗ ಅಂತ. ಶರಾವತಿ ಸಾಲು ಹಾಗೇ ಬಿಟ್ಟಿದ್ದೇವೆ. ವರದಿ ಡಿಸೆಂಬರ್ ಮೊದಲ ವಾರ ಕೊಡಬೇಕು. ಸಾಗರದವನು ಹಬ್ಬಕ್ಕೆ ಊರಿಗೆ ಹೋಗಿದ್ದಾನೆ, ಅಜ್ಜನ ಟ್ರಂಕಿನಲ್ಲಿರೋ ಹಳೇ ಕಾಗದಗಳ ಫೋಟೊ ಕಳಿಸ್ತೀನಿ ಅಂದಿದ್ದಾನೆ.